ಸುಟ್ಟಿದ್ದು ಡ್ರೈವರ್, ದೋಷವಿದ್ದದ್ದು ಮೋಟರಿನ ಮೈಯಲ್ಲಿ

ಕಳೆದ ಭಾನುವಾರ ಸಂಜೆ ನನ್ನ ಮೋಷನ್ ಸಿಮ್ಯುಲೇಟರ್, ಅಂದರೆ ಕಾರು ಓಡಿಸುವ ಕಂಪ್ಯೂಟರ್ ಆಟಕ್ಕೆ ತಕ್ಕಂತೆ ಅಲುಗುವ ಕುರ್ಚಿ, ಎರಡು ಗಂಟೆ ಒಂದೇ ಸಮ ಓಡಿತು. ಕುರ್ಚಿ ಒಂದು ಪಕ್ಕಕ್ಕೆ ವಾಲಿ ಅಲ್ಲೇ ಸಿಕ್ಕಿಕೊಳ್ಳಲಿಲ್ಲ, ಕಂಪ್ಯೂಟರ್ ಮಧ್ಯದಲ್ಲಿ ಮೋಟರ್ ನಿಯಂತ್ರಿಸುವ ಆರ್ಡುಯಿನೊ ಬೋರ್ಡಿನ ಸಂಪರ್ಕ ಕಳೆದುಕೊಳ್ಳಲಿಲ್ಲ, ಸುಟ್ಟ ವಾಸನೆಯೂ ಬರಲಿಲ್ಲ. ಇಲ್ಲಿಗೆ ಬರಲು ನಾಲ್ಕು ವಾರ ಹಿಡಿಯಿತು. ಅಷ್ಟರಲ್ಲಿ ಎರಡು ಐಬಿಟಿ-2 ಡ್ರೈವರ್ (ಮೋಟರಿಗೆ ಕರೆಂಟ್ ಕೊಟ್ಟು ತಿರುಗಿಸುವ ಬೋರ್ಡ್) ಮತ್ತು ಒಂದು ಆರ್ಡುಯಿನೊ ಊನೊ ಸತ್ತವು. ವೈಪರ್ ಮೋಟರ್ ಹಾಕಿ ಸಿಮ್ಯುಲೇಟರ್ ಕಟ್ಟುವವರು ಇದೇ ಗುಂಡಿಗೆ ಬೀಳುವ ಸಾಧ್ಯತೆ ತುಂಬಾ ಇದೆ. ಹಾಗಾಗಿ ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ, ತಪ್ಪು ದಾರಿ ಹಿಡಿದ ದಿನಗಳನ್ನೂ ಸೇರಿಸಿ.

ಮೊದಲು ಯಂತ್ರದ ವಿವರ. ಕುರ್ಚಿ ನಿಂತಿರುವುದು ಹಳೆಯ ಜೀಪಿನ ಯೂನಿವರ್ಸಲ್ ಜಾಯಿಂಟ್ ಮೇಲೆ. ಹಿಂಭಾಗದ ಎಡ ಮತ್ತು ಬಲ ಮೂಲೆಗೆ ಒಂದೊಂದು ರಾಡ್, ಪ್ರತಿ ರಾಡಿನ ಕೆಳಗೆ ಒಂದು ಮೋಟರ್. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ ಕುರ್ಚಿ ಮುಂದೆ-ಹಿಂದೆ ಬಾಗುತ್ತದೆ, ಅಂದರೆ ಬ್ರೇಕ್ ಮತ್ತು ಆಕ್ಸಿಲರೇಟರಿನ ಅನುಭವ. ವಿರುದ್ಧ ದಿಕ್ಕಿಗೆ ತಿರುಗಿದರೆ ಪಕ್ಕಕ್ಕೆ ವಾಲುತ್ತದೆ, ಅದು ತಿರುವಿನ ಅನುಭವ. ಮೋಟರ್‌ಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕ ಬಳಸಿದ ಬಸ್ ವೈಪರ್ ಮೋಟರ್‌ಗಳು, 24 ವೋಲ್ಟಿನವು, ಒಂದಕ್ಕೆ 1,400 ರೂಪಾಯಿ. ಸ್ಥಾನ ತಿಳಿಯಲು ಶಾಫ್ಟಿಗೆ ಜೋಡಿಸಿದ 10 ಕಿಲೋ ಓಮ್ ಪೊಟೆನ್ಷಿಯೋಮೀಟರ್, ಮೋಟರಿಗೊಂದು ಐಬಿಟಿ-2, ಎರಡಕ್ಕೂ ಸೇರಿ ಒಂದು ಊನೊ, 24 ವೋಲ್ಟ್ 15 ಆಂಪಿಯರಿನ ಪವರ್ ಸಪ್ಲೈಯಾದ ಎಸ್‌ಎಂಪಿಎಸ್. ಆಟದಿಂದ ಚಲನೆಯ ಲೆಕ್ಕ ತೆಗೆದು ಕೊಡುವ ಸಾಫ್ಟ್‌ವೇರ್ ಸಿಮ್‌ಟೂಲ್ಸ್. ಎಲೆಕ್ಟ್ರಾನಿಕ್ಸ್ ಸಾಮಾನೆಲ್ಲ ಎಸ್‌.ಪಿ. ರಸ್ತೆಯದು.

ಪ್ರಯೋಗಕ್ಕೆಂದು ಮೊದಲು ತಳ ಮತ್ತು ಕುರ್ಚಿಯ ಹಲಗೆ ಎರಡನ್ನೂ ಪ್ಲೈವುಡ್‌ನಲ್ಲಿ ಮಾಡಿದ್ದೆ. ಒಂದು ತಿಂಗಳು ಯಾವ ತೊಂದರೆಯೂ ಇರಲಿಲ್ಲ. ಆಮೇಲೆ ಚೌಕ ಪೈಪಿನಲ್ಲಿ ಕಬ್ಬಿಣದ ಫ್ರೇಮ್ ವೆಲ್ಡ್ ಮಾಡಿಸಿ, ಬಣ್ಣ ಹೊಡೆಸಿ, ಎಲ್ಲವನ್ನೂ ಅದಕ್ಕೆ ವರ್ಗಾಯಿಸಿದೆ. ವೈರಿಂಗ್ ಒಂದಿಷ್ಟೂ ಬದಲಾಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

ಹೊಸ ಫ್ರೇಮಿನಲ್ಲಿ ಸುಮಾರು ಹತ್ತು ನಿಮಿಷ ಓಡಿದ ಮೇಲೆ ಎಡ ಮೋಟರ್ ಹಿಂದಕ್ಕೆ ತಿರುಗುವುದನ್ನು ನಿಲ್ಲಿಸಿತು. ಮುಂದಕ್ಕೆ ತಿರುಗುತ್ತಿತ್ತು, ಸ್ವಲ್ಪ ನಿಧಾನವಾಗಿ. ಕುರ್ಚಿ ಒಂದು ಕಡೆ ವಾಲಿ ನಿಂತುಬಿಡುತ್ತಿತ್ತು. ಪವರ್ ತೆಗೆದು ಐದು ನಿಮಿಷ ಬಿಟ್ಟು ಹಾಕಿದರೆ ಮತ್ತೆ ಸರಿ. ನೇರ ರಸ್ತೆಯಲ್ಲಿ ಏನೂ ಆಗುತ್ತಿರಲಿಲ್ಲ, ಸಾಲು ತಿರುವುಗಳಿರುವ ಟ್ರ್ಯಾಕಿನಲ್ಲಿ ಬೇಗ ಆಗುತ್ತಿತ್ತು.

ತಣ್ಣಗಾದರೆ ಸರಿಹೋಗುತ್ತದೆ ಎಂದರೆ ಬಿಸಿಯ ಸಮಸ್ಯೆ ಎಂದೇ ಯಾರಿಗಾದರೂ ಅನಿಸುತ್ತದೆ. ಮೊದಲ ವಾರ ಅದರ ಹಿಂದೆಯೇ ಹೋಯಿತು. ಆ ವಾರ ಪೂರ್ತಿ ವ್ಯರ್ಥವಾಗಲಿಲ್ಲ, ಏಕೆಂದರೆ ಐಬಿಟಿ-2 ಬಗ್ಗೆ ಎಲ್ಲರಿಗೂ ಗೊತ್ತಿರಬೇಕಾದ ಕೆಲವು ಸಂಗತಿಗಳು ಆಗಲೇ ಸ್ಪಷ್ಟವಾದವು.

ಈ ಮಾಡ್ಯೂಲಿನಲ್ಲಿ ಎರಡು ಬಿಟಿಎಸ್7960 ಚಿಪ್ ಇರುತ್ತವೆ. ಇನ್ಫಿನಿಯನ್ ಕಂಪನಿಯ ವಿನ್ಯಾಸ. ಒಂದೊಂದೂ ಅರ್ಧ ಸೇತುವೆ: ಮೇಲ್ಬದಿಗೆ (ಪ್ಲಸ್ ಕಡೆಗೆ) ಪಿ-ಚಾನೆಲ್ ಮಾಸ್ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್, ಕೆಳಬದಿಗೆ (ನೆಗೆಟಿವ್ ಕಡೆಗೆ) ಎನ್-ಚಾನೆಲ್ ಮಾಸ್ಫೆಟ್, ಜೊತೆಗೆ ಅವುಗಳ ಡ್ರೈವರ್, ಎಲ್ಲ ಒಂದೇ ಪೊಟ್ಟಣದಲ್ಲಿ. ಎರಡು ಚಿಪ್ ಸೇರಿದರೆ ಮೋಟರನ್ನು ಎರಡೂ ದಿಕ್ಕಿಗೆ ತಿರುಗಿಸುವ ಪೂರ್ಣ ಎಚ್-ಬ್ರಿಡ್ಜ್. ಮಾರಾಟಗಾರರು ಬರೆಯುವ 43 ಆಂಪಿಯರ್ ನಿರಂತರವಾಗಿ ಎಳೆಯಬಹುದಾದ ಕರೆಂಟ್ ಅಲ್ಲ. ಅದು ಚಿಪ್ ತನ್ನನ್ನು ತಾನು ಕಾಪಾಡಿಕೊಳ್ಳಲು ಕರೆಂಟನ್ನು ಕತ್ತರಿಸಲು ಶುರುಮಾಡುವ ಮಟ್ಟ. ದಾರಿಯ ರೋಧ 25 ಡಿಗ್ರಿಯಲ್ಲಿ ಸುಮಾರು 16 ಮಿಲಿ ಓಮ್. 15 ಆಂಪಿಯರ್ ಹರಿದರೆ 15ರ ವರ್ಗ ಗುಣಿಸು 0.016, ಅಂದರೆ 3.6 ವ್ಯಾಟ್ ಬಿಸಿ, ಸ್ವಿಚಿಂಗ್ ನಷ್ಟ ಬೇರೆ. ಬಿಸಿಯಾದಂತೆ ರೋಧವೂ ಏರುತ್ತದೆ. ಆ ಪುಟ್ಟ ಹೀಟ್ ಸಿಂಕಿಗೆ ಫ್ಯಾನ್ ಗಾಳಿ ಇಲ್ಲದೆ ಇದು ಕಷ್ಟ.

ಹೀಟ್ ಸಿಂಕ್ ಬಿಚ್ಚಿ ನೋಡಿದರೆ ಬೋರ್ಡಿಗೂ ಅದಕ್ಕೂ ನಡುವೆ ಪೇಸ್ಟೇ ಇರಲಿಲ್ಲ, ಒಂದು ತುದಿಯಲ್ಲಿ ಕಾಗದ ತೂರುವಷ್ಟು ಸಂದು. ಇಲ್ಲಿ ಒಂದು ಎಚ್ಚರಿಕೆ. ಚಿಪ್ಪಿನ ಲೋಹದ ಬೆನ್ನು ಗ್ರೌಂಡ್ (ನೆಗೆಟಿವ್) ಅಲ್ಲ, ಅದೇ ಔಟ್‌ಪುಟ್. ಒಂದು ಚಿಪ್ಪಿನ ಬೆನ್ನು ಎಂ ಪ್ಲಸ್, ಇನ್ನೊಂದರದ್ದು ಎಂ ಮೈನಸ್, ಅಂದರೆ ಮೋಟರಿಗೆ ಹೋಗುವ ಎರಡು ತುದಿಗಳು. ಆ ಬಿಸಿಯನ್ನು ಬೋರ್ಡಿನ ಹಿಂಬದಿಗೆ ಒಯ್ಯುವ ತಾಮ್ರವೂ ಅದೇ ವೋಲ್ಟೇಜಿನಲ್ಲಿರುತ್ತದೆ. ಬರೀ ಪೇಸ್ಟ್ ಹಚ್ಚಿ ಗಟ್ಟಿಯಾಗಿ ಬಿಗಿದರೆ ಹೀಟ್ ಸಿಂಕ್ ಎರಡನ್ನೂ ಶಾರ್ಟ್ ಮಾಡಬಹುದು. ವಿದ್ಯುತ್ ನಿರೋಧಕವಾದ ಸಿಲಿಕೋನ್ ಥರ್ಮಲ್ ಪ್ಯಾಡನ್ನೇ ಹಾಕಬೇಕು, ಸ್ಕ್ರೂಗೆ ಪ್ಲಾಸ್ಟಿಕ್ ವಾಷರ್ ಕೊಡಬೇಕು. ಪ್ಯಾಡಿಗೆ 150 ರೂಪಾಯಿ.

ಪವರ್ ತೆಗೆದು ಹಾಕಿದರೆ ಮಾತ್ರ ಮೋಟರ್ ಮತ್ತೆ ಓಡುತ್ತಿದ್ದುದಕ್ಕೂ ಕಾರಣ ಸಿಕ್ಕಿತು. ಮಿತಿ ಮೀರಿ ಬಿಸಿಯಾದಾಗ ಬಿಟಿಎಸ್7960 ತನ್ನ ಎರಡೂ ಮಾಸ್ಫೆಟ್ ಆರಿಸಿಕೊಂಡು ಹಾಗೇ ಬೀಗ ಹಾಕಿಕೊಳ್ಳುತ್ತದೆ. ತಣ್ಣಗಾದ ಮಾತ್ರಕ್ಕೆ ಬೀಗ ತೆಗೆಯುವುದಿಲ್ಲ, ಚಿಪ್ಪನ್ನು ಚಾಲೂ ಮಾಡುವ ಎನೇಬಲ್ ಪಿನ್ನಿನ ವೋಲ್ಟೇಜ್ ಒಮ್ಮೆ ಕೆಳಗಿಳಿದು ಮೇಲೇರಬೇಕು. ಬಹಳಷ್ಟು ವೈರಿಂಗ್ ಚಿತ್ರಗಳಲ್ಲಿ ಎರಡು ಚಿಪ್ಪಿನ ಆರ್ ಎನೇಬಲ್, ಎಲ್ ಎನೇಬಲ್ ಎರಡನ್ನೂ ನೇರ 5 ವೋಲ್ಟಿಗೆ ಕಟ್ಟಿರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹಾಗೆ ಕಟ್ಟಿದರೆ ಬೀಗ ತೆಗೆಯುವ ದಾರಿ ಪವರ್ ಸ್ವಿಚ್ ಒಂದೇ. ಎರಡನ್ನೂ ಸೇರಿಸಿ ಊನೊದ ಒಂದು ಡಿಜಿಟಲ್ ಪಿನ್ನಿಗೆ ಕೊಡಿ. ಪ್ರೋಗ್ರಾಂ ಬೇಕಾದಾಗ ಆರಿಸಿ ಹಾಕಬಹುದು, ತುರ್ತು ನಿಲುಗಡೆಗೂ ಅದು ಉಪಯೋಗ.

ಕರೆಂಟ್ ಎಷ್ಟೆಂದು ತೋರಿಸುವ ಐಎಸ್ ಪಿನ್ನನ್ನೂ ಕಡೆಗಣಿಸಬೇಡಿ. ಮೇಲ್ಬದಿ ಮಾಸ್ಫೆಟ್ಟಿನ ಕರೆಂಟಿನ ಸುಮಾರು 8,500ರಲ್ಲಿ ಒಂದು ಪಾಲು ಅಲ್ಲಿಂದ ಹೊರಬರುತ್ತದೆ. 1 ಕಿಲೋ ಓಮ್ ರೋಧದ ಮೇಲೆ ಅಳೆದರೆ 10 ಆಂಪಿಯರಿಗೆ ಹೆಚ್ಚುಕಡಿಮೆ 1.2 ವೋಲ್ಟ್. ದೋಷದ ಸ್ಥಿತಿಯಲ್ಲಿ ಅದು 4.5 ಮಿಲಿ ಆಂಪಿಯರಿನ ಆಸುಪಾಸಿಗೆ ಏರಿ ನಿಲ್ಲುತ್ತದೆ, ಅಂದರೆ ಅದೇ ರೋಧದ ಮೇಲೆ 4 ವೋಲ್ಟಿಗಿಂತ ಮೇಲೆ. ಮೋಟರ್ ನಿಂತಾಗ ಎಂ ಮೈನಸ್ ಕಡೆಯ ಚಿಪ್ಪಿನ ಎಲ್ ಐಎಸ್ ಮೇಲೆ ನನಗೆ 4.4 ವೋಲ್ಟ್ ಕಂಡಿತು. ಬೀಗ ಬಿದ್ದಿರುವುದು ಖಾತ್ರಿಯಾಯಿತು.

ಇಲ್ಲೇ ನಾನು ನಿಂತು ಯೋಚಿಸಬೇಕಿತ್ತು. ಎಚ್-ಬ್ರಿಡ್ಜಿನಲ್ಲಿ ಯಾವ ದಿಕ್ಕಿಗೇ ಆಗಲಿ ಕರೆಂಟ್ ಎರಡೂ ಚಿಪ್ಪನ್ನು ದಾಟಲೇಬೇಕು, ಒಂದರ ಮೇಲ್ಬದಿ, ಇನ್ನೊಂದರ ಕೆಳಬದಿ. ಒಂದು ಚಿಪ್ ಪೂರ್ತಿ ಆರಿದ್ದರೆ ಮೋಟರ್ ಎರಡೂ ದಿಕ್ಕಿನಲ್ಲಿ ಸತ್ತಿರಬೇಕು. ಆದರೆ ಮುಂದಕ್ಕೆ ತಿರುಗುತ್ತಿತ್ತು! ಎಂ ಮೈನಸ್ ತುದಿಯಿಂದ ಕರೆಂಟ್ ಬೇರೆ ಯಾವುದೋ ದಾರಿಯಲ್ಲಿ ನೆಲ (ಗ್ರೌಂಡ್) ಸೇರುತ್ತಿದೆ ಎಂದು ಆ ಒಂದು ಸಂಗತಿ ಕೂಗಿ ಹೇಳುತ್ತಿತ್ತು. ನಾನು ಅದನ್ನು ಕೇಳಿಸಿಕೊಳ್ಳದೆ ಫ್ಯಾನ್ ಹಾಕಿದೆ.

ಫ್ಯಾನ್ ಹಾಕಿದ ಮೂರನೇ ದಿನ ಸ್ವಿಚ್ ಒತ್ತಿದರೆ ಎಸ್‌ಎಂಪಿಎಸ್ ಲೈಟ್ ಮಿಣುಕಿ ಮಿಣುಕಿ ಆರತೊಡಗಿತು. ಎಡ ಡ್ರೈವರಿಗೆ ಪವರ್ ಬರುವ ಬಿ ಪ್ಲಸ್ ವೈರ್ ಬಿಚ್ಚಿದರೆ ಸರಿ. ಆ ಮಾಡ್ಯೂಲ್ ಶಾರ್ಟ್ ಆಗಿತ್ತು.

ಐಬಿಟಿ-2 ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ಎರಡು ನಿಮಿಷ ಸಾಕು. ಎಲ್ಲ ವೈರ್ ಬಿಚ್ಚಿ, ಮಲ್ಟಿಮೀಟರನ್ನು ಡಯೋಡ್ ಸ್ಥಾನಕ್ಕೆ ತನ್ನಿ. ಕೆಂಪು ಕಡ್ಡಿ ಬಿ ಮೈನಸ್ ಮೇಲೆ, ಕಪ್ಪು ಎಂ ಪ್ಲಸ್ ಮೇಲೆ ಇಟ್ಟರೆ 0.4ರಿಂದ 0.5 ಬರಬೇಕು. ಕಪ್ಪನ್ನು ಎಂ ಮೈನಸ್‌ಗೆ ಸರಿಸಿದರೂ ಅಷ್ಟೇ. ಆಮೇಲೆ ಕಪ್ಪು ಬಿ ಪ್ಲಸ್ ಮೇಲೆ, ಕೆಂಪು ಎಂ ಪ್ಲಸ್, ನಂತರ ಎಂ ಮೈನಸ್ ಮೇಲೆ. ಈ ನಾಲ್ಕೂ ಮಾಸ್ಫೆಟ್‌ಗಳ ಒಳಗಿನ ಡಯೋಡ್. ಕಡ್ಡಿ ತಿರುಗಿಸಿ ಹಿಡಿದರೆ ಅಂಕಿ ಏರುತ್ತಾ ಹೋಗಿ ತೆರೆದ ಸರ್ಕ್ಯೂಟ್ ತೋರಿಸಬೇಕು, ಏರುವುದು ಬೋರ್ಡಿನ ಕೆಪಾಸಿಟರ್ ತುಂಬುವುದರಿಂದ. ಎಲ್ಲಿಯಾದರೂ ಎರಡೂ ಕಡೆ 0.0 ಬಂದರೆ ಆ ಮಾಸ್ಫೆಟ್ ಶಾರ್ಟ್. ನನ್ನದರಲ್ಲಿ ಎಂ ಮೈನಸ್ ಮತ್ತು ಬಿ ಪ್ಲಸ್ ನಡುವೆ ಎರಡೂ ಕಡೆ 0.02. ಮೇಲ್ಬದಿ ಬೆಂದುಹೋಗಿತ್ತು.

ಹೊಸ ಮಾಡ್ಯೂಲಿಗೆ 480 ರೂಪಾಯಿ, ಕೊರಿಯರಿಗೆ ನಾಲ್ಕು ದಿನ. ಕಾಯುವ ಹೊತ್ತಿನಲ್ಲಿ ಎರಡನೇ ಅನುಮಾನ ಹುಟ್ಟಿತು: ವೋಲ್ಟೇಜ್. ತಿರುಗುತ್ತಿರುವ ಮೋಟರನ್ನು ಥಟ್ಟನೆ ತಡೆದರೆ ಅದು ಜನರೇಟರ್ ಆಗಿ ಶಕ್ತಿಯನ್ನು ಹಿಂದಕ್ಕೆ ತಳ್ಳುತ್ತದೆ. ಬ್ಯಾಟರಿಯಾಗಿದ್ದರೆ ನುಂಗಿಕೊಳ್ಳುತ್ತಿತ್ತು, ಎಸ್‌ಎಂಪಿಎಸ್ ನುಂಗುವುದಿಲ್ಲ. ಮೀಟರನ್ನು ಗರಿಷ್ಠ ಅಂಕಿ ಹಿಡಿದಿಡುವ ಸ್ಥಾನಕ್ಕೆ ತಂದು ಬಲ ಮೋಟರ್ ಒಂದನ್ನೇ ಹಿಂದೆ ಮುಂದೆ ಆಡಿಸಿದಾಗ 26.8 ವೋಲ್ಟ್ ಕಂಡಿತು. ಬಿಟಿಎಸ್7960 ಕೆಲಸ ಮಾಡುವುದು 27.5ರವರೆಗೆ. ಅದಕ್ಕಿಂತ ಮೇಲೆ ಹೋದರೆ ಚಿಪ್ ನಿಮ್ಮ ಸಿಗ್ನಲ್ ಏನೇ ಹೇಳಿದರೂ ಕೆಳಬದಿ ಆರಿಸಿ ಮೇಲ್ಬದಿ ಹಚ್ಚಿಕೊಳ್ಳುತ್ತದೆ. ಎರಡು ಮೋಟರ್ ಸೇರಿದರೆ ಅಂಚು ದಾಟುವುದು ಖಂಡಿತ.

ದೊಡ್ಡ ಕೆಪಾಸಿಟರ್ ಹಾಕಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಲೆಕ್ಕ ಮಾಡಿ ನೋಡಿ: 10,000 ಮೈಕ್ರೊಫ್ಯಾರಡ್ 22ರಿಂದ 27 ವೋಲ್ಟಿಗೆ ಏರುವಾಗ ನುಂಗುವುದು 1.2 ಜೂಲ್ ಅಷ್ಟೇ. ಅದಿರಲಿ, ಆದರೆ ಅದೊಂದನ್ನೇ ನಂಬಬೇಡಿ. ಎಸ್‌ಎಂಪಿಎಸ್‌ನ ಟ್ರಿಮ್ ಸ್ಕ್ರೂ ತಿರುಗಿಸಿ 22 ವೋಲ್ಟಿಗೆ ಇಳಿಸಿದೆ, ಖರ್ಚಿಲ್ಲದ ಪರಿಹಾರ. ಜೊತೆಗೊಂದು ಬ್ರೇಕ್ ಸರ್ಕ್ಯೂಟ್: ವೋಲ್ಟೇಜ್ ಹೋಲಿಸುವ ಟಿಎಲ್431 ಚಿಪ್, ಅದರ ರೆಫರೆನ್ಸ್ ಕಾಲಿಗೆ ಮೇಲೆ 18 ಕಿಲೋ ಓಮ್ ಮತ್ತು 2.2 ಕಿಲೋ ಸರಣಿಯಲ್ಲಿ, ಕೆಳಗೆ 2.2 ಕಿಲೋ. ಇದು 25.4 ವೋಲ್ಟಿನಲ್ಲಿ ಎಚ್ಚರಗೊಳ್ಳುತ್ತದೆ. ಅದು ಐಆರ್‌ಎಫ್9540 ಪಿ-ಚಾನೆಲ್ ಮಾಸ್ಫೆಟ್ಟಿನ ಗೇಟನ್ನು 1 ಕಿಲೋ ಮೂಲಕ ಕೆಳಗೆಳೆಯುತ್ತದೆ, ಗೇಟಿನಿಂದ ಸೋರ್ಸಿಗೆ ಇನ್ನೊಂದು 1 ಕಿಲೋ ಮತ್ತು ಕಾವಲಿಗೆ 12 ವೋಲ್ಟ್ ಜೀನರ್. ಮಾಸ್ಫೆಟ್ ಹೆಚ್ಚುವರಿ ಶಕ್ತಿಯನ್ನು 10 ಓಮ್ 50 ವ್ಯಾಟಿನ ಅಲ್ಯುಮಿನಿಯಂ ರೆಸಿಸ್ಟರಿಗೆ ಸುರಿಯುತ್ತದೆ. ಆನ್-ಆಫ್ ನಡುವೆ ಅಂತರವಿಲ್ಲದ ಸರಳ ಸರ್ಕ್ಯೂಟ್ ಇದು, ಹಾಗಾಗಿ ಮಾಸ್ಫೆಟ್ಟೂ ಬಿಸಿಯಾಗುತ್ತದೆ, ಹೀಟ್ ಸಿಂಕ್ ಬೇಕೇ ಬೇಕು. ಇದನ್ನು ಹಾಕಿದ ಮೇಲೆ ಯಾರಾದರೂ ಟ್ರಿಮ್ ಸ್ಕ್ರೂವನ್ನು 25ರ ಮೇಲೆ ತಿರುಗಿಸಿದರೆ ರೆಸಿಸ್ಟರ್ ನಿರಂತರ ಉರಿಯುತ್ತದೆ, ಅದರ ಮೇಲೊಂದು ಚೀಟಿ ಅಂಟಿಸಿ. ಒಟ್ಟು 350 ರೂಪಾಯಿ.

ಇದು ನಿಜವಾದ ತೊಂದರೆ, ನಿಜವಾದ ಪರಿಹಾರ. ಆದರೆ ನನ್ನ ಮಾಡ್ಯೂಲ್ ಕೊಂದದ್ದು ಇದಲ್ಲ. ಅದು ತಿಳಿಯಲು ಇನ್ನೊಂದು ಮಾಡ್ಯೂಲ್ ಸಾಯಬೇಕಾಯಿತು.

ಹೊಸ ಮಾಡ್ಯೂಲ್ ಬಂತು. ಮೊದಲ ದಿನ ಚೆನ್ನಾಗಿತ್ತು. ಸಿಮ್‌ಟೂಲ್ಸ್ ತೆರೆದಾಗಲೆಲ್ಲ ಕುರ್ಚಿ ಒಮ್ಮೆ ಬೆಚ್ಚಿಬೀಳುವುದೊಂದು ಬಿಟ್ಟರೆ. ಇದರ ಕಾರಣ ಸುಲಭ. ಕಂಪ್ಯೂಟರ್ ಸೀರಿಯಲ್ ಪೋರ್ಟ್ ತೆರೆದ ಕೂಡಲೇ ಊನೊ ರೀಸೆಟ್ ಆಗುತ್ತದೆ, ಅದರ ಆರಂಭದ ಪ್ರೋಗ್ರಾಂ ಆದ ಬೂಟ್‌ಲೋಡರ್ ಮುಗಿಯುವ ಒಂದೆರಡು ಸೆಕೆಂಡು ಅದರ ಪಿನ್‌ಗಳು ಯಾರ ಹಿಡಿತದಲ್ಲೂ ಇರುವುದಿಲ್ಲ. ಐಬಿಟಿ-2 ಬಾಗಿಲಲ್ಲಿ ಸಿಗ್ನಲ್ ಬರಮಾಡಿಕೊಳ್ಳುವ 74ಎಚ್‌ಸಿ244 ಬಫರ್ ಆ ತೇಲುವ ಪಿನ್‌ಗಳನ್ನು ತನಗೆ ತೋಚಿದಂತೆ ಓದುತ್ತದೆ. ವೇಗ ಮತ್ತು ದಿಕ್ಕನ್ನು ಮಿಡಿತಗಳಲ್ಲಿ ಹೇಳುವ ಆರ್ ಪಿಡಬ್ಲ್ಯೂಎಂ, ಎಲ್ ಪಿಡಬ್ಲ್ಯೂಎಂ, ಜೊತೆಗೆ ಎನೇಬಲ್, ಈ ಮೂರಕ್ಕೂ 10 ಕಿಲೋ ಓಮ್ ರೆಸಿಸ್ಟರ್ ಒಂದೊಂದನ್ನು ಗ್ರೌಂಡಿಗೆ ಹಾಕಿದೆ, ಬೆಚ್ಚುವುದು ನಿಂತಿತು. ಅದೇ ಬಫರ್ 5 ವೋಲ್ಟಿನಲ್ಲಿ ಓಡುವಾಗ ಹೈ ಎಂದು ಒಪ್ಪಿಕೊಳ್ಳಲು 3.5 ವೋಲ್ಟ್ ಬೇಡುತ್ತದೆ. ಇಎಸ್‌ಪಿ32 ಬೋರ್ಡ್ ಬಳಸುವವರು 3.3 ವೋಲ್ಟ್ ಸಿಗ್ನಲನ್ನು ನೇರವಾಗಿ ಕೊಟ್ಟು ಕೆಲವೊಮ್ಮೆ ಮಾತ್ರ ಓಡುತ್ತದೆ ಎಂದು ಒದ್ದಾಡುವುದು ಇದರಿಂದಲೇ.

ಪಿಡಬ್ಲ್ಯೂಎಂ ಆವರ್ತನದ ಬಗ್ಗೆಯೂ ಒಂದು ಮಾತು. ಊನೊದ 9, 10, 3, 11ನೇ ಪಿನ್‌ಗಳು ಸಹಜವಾಗಿ 490 ಹರ್ಟ್ಜ್ ಕೊಡುತ್ತವೆ, ಮೋಟರ್ ಗುಂಯ್‌ಗುಡುತ್ತದೆ. ಟೈಮರ್ 1 ಮತ್ತು 2ರ ಪ್ರಿಸ್ಕೇಲರನ್ನು (ಆವರ್ತನ ಭಾಗಿಸುವ ಅಂಕಿ) 8ಕ್ಕೆ ಇಟ್ಟರೆ 3.9 ಕಿಲೋ ಹರ್ಟ್ಜ್ ಆಗುತ್ತದೆ. ಸದ್ದೇ ಇರದಿರಲಿ ಎಂದು 1ಕ್ಕೆ ಇಟ್ಟರೆ 31 ಕಿಲೋ ಹರ್ಟ್ಜ್, ಅದು ಈ ಚಿಪ್ಪಿನ 25 ಕಿಲೋ ಹರ್ಟ್ಜ್ ಮಿತಿಯನ್ನು ಮೀರುತ್ತದೆ, ಬಿಸಿ ಏರುತ್ತದೆ.

ಎರಡನೇ ದಿನ ತಿರುವಿನ ಮಧ್ಯೆ ಯುಎಸ್‌ಬಿ ಸಂಪರ್ಕ ಕಡಿದುಹೋಯಿತು. ಮೂರನೇ ದಿನ ಮತ್ತೆ ಕಡಿಯಿತು, ಜೊತೆಗೆ ಪ್ಲಾಸ್ಟಿಕ್ ಕರಗಿದ ವಾಸನೆ. ಊನೊದಿಂದ ಡ್ರೈವರಿಗೆ ಹೋಗುವ ತೆಳುವಾದ ಗ್ರೌಂಡ್ ಜಂಪರ್ ವೈರಿನ ಹೊದಿಕೆ ಕರಗಿ ತಾಮ್ರ ಕಾಣುತ್ತಿತ್ತು. ಊನೊ ಸತ್ತಿತ್ತು, ಹೊಸ ಡ್ರೈವರೂ ಸತ್ತಿತ್ತು. ಡಯೋಡ್ ಪರೀಕ್ಷೆಯಲ್ಲಿ ಅದೇ ಎಂ ಮೈನಸ್, ಅದೇ ಮೇಲ್ಬದಿ. ಆ ರಾತ್ರಿ ಎಲ್ಲ ಬಿಟ್ಟುಬಿಡೋಣ ಅನಿಸಿತು. ಆದರೆ ಕರಗಿದ ಆ ಜಂಪರ್ ವೈರ್ ಕೈಗೆ ಸಿಕ್ಕ ಮೊದಲ ಗಟ್ಟಿ ಸಾಕ್ಷಿಯಾಗಿತ್ತು. ಸಿಗ್ನಲ್ ಗ್ರೌಂಡಿನಲ್ಲಿ ಹರಿಯಬೇಕಾದದ್ದು ಮಿಲಿ ಆಂಪಿಯರ್. ಅದು ಕರಗಬೇಕಾದರೆ ಮೋಟರಿನ ಕರೆಂಟ್ ಅಲ್ಲಿ ಹರಿದಿರಲೇಬೇಕು.

ಮೂರನೇ ಮಾಡ್ಯೂಲ್ ಮತ್ತು 550 ರೂಪಾಯಿಯ ಊನೊ ಬಂದ ಮೇಲೆ ಈ ಸಲ ನೇರ 24 ವೋಲ್ಟ್ ಕೊಡಲಿಲ್ಲ. ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬಲ್ಬಿನ ಉಪಾಯವನ್ನೇ ಇಲ್ಲಿಗೂ ತಂದೆ. ಲಾರಿಯ 24 ವೋಲ್ಟ್ 70 ವ್ಯಾಟಿನ ಹೆಡ್‌ಲೈಟ್ ಬಲ್ಬನ್ನು ಎಸ್‌ಎಂಪಿಎಸ್ ಪ್ಲಸ್‌ನಿಂದ ಎರಡೂ ಡ್ರೈವರಿನ ಬಿ ಪ್ಲಸ್‌ಗೆ ಹೋಗುವ ದಾರಿಯಲ್ಲಿ ಕೂರಿಸಿದೆ. ಏನೇ ಶಾರ್ಟ್ ಆದರೂ 3 ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ, ಬಲ್ಬ್ ಪ್ರಖರವಾಗಿ ಉರಿದು ತೋರಿಸುತ್ತದೆ. ಚಿಕ್ಕ ಇಂಡಿಕೇಟರ್ ಬಲ್ಬ್ ಸಾಲದು, ಅದರಲ್ಲಿ ಮೋಟರೇ ತಿರುಗುವುದಿಲ್ಲ. ಮೊದಲ ದಿನವೇ ಇದನ್ನು ಮಾಡಿದ್ದರೆ ಒಂದು ಚಿಪ್ಪೂ ಸಾಯುತ್ತಿರಲಿಲ್ಲ.

ರಾಡ್‌ಗಳನ್ನು ಬಿಚ್ಚಿಟ್ಟು, ಎಡ ಮೋಟರನ್ನು ಮುಂದಕ್ಕೆ 40 ಶೇಕಡಾ ವೇಗದಲ್ಲಿ ತಿರುಗಿಸಿದೆ. ಬಲ್ಬ್ ಮಂಕು, ಮೋಟರ್ ಸಲೀಸು. ಹಿಂದಕ್ಕೆ ತಿರುಗಿಸಿದೆ. ಬಲ್ಬ್ ಬೆಳ್ಳಗೆ ಉರಿಯಿತು, ಮೋಟರ್ ಅಲುಗಲಿಲ್ಲ. ಬಲ ಮೋಟರಿಗೂ ಹಾಗೇ ಆಯಿತು. ಬಲ ಡ್ರೈವರಿನಿಂದ ಅದರ ಮೋಟರಿನ ಎಂ ಮೈನಸ್ ವೈರ್ ಒಂದನ್ನು ಕಿತ್ತು ಎಡ ಮೋಟರನ್ನು ಮತ್ತೆ ಹಿಂದಕ್ಕೆ ತಿರುಗಿಸಿದರೆ ಹೂವಿನಂತೆ ತಿರುಗಿತು! ಎಡ ಮೋಟರಿನ ರೋಗ ಬಲ ಮೋಟರಿನ ವೈರ್ ಕಿತ್ತರೆ ವಾಸಿಯಾಗುವುದಾದರೆ, ಎರಡರ ನಡುವೆ ನಾನು ಎಳೆಯದ ವೈರೊಂದಿದೆ ಎಂದರ್ಥ. ಆ ವೈರ್ ಕಬ್ಬಿಣದ ಫ್ರೇಮ್.

ವಾಹನಗಳಲ್ಲಿ ಬಾಡಿಯೇ ನೆಗೆಟಿವ್. ಹಾಗಾಗಿ ಹೆಚ್ಚಿನ ವೈಪರ್ ಮೋಟರ್‌ಗಳಲ್ಲಿ ಸಾಮಾನ್ಯ ಬ್ರಷ್ಷನ್ನು (ತಿರುಗುವ ಭಾಗಕ್ಕೆ ಕರೆಂಟ್ ತಲುಪಿಸುವ ಕಾರ್ಬನ್ ತುಂಡುಗಳಲ್ಲಿ ಎರಡೂ ವೇಗಕ್ಕೆ ಬಳಕೆಯಾಗುವಂಥದ್ದು) ಒಳಗೇ ಮೋಟರಿನ ಮೈಗೆ ಕಟ್ಟಿರುತ್ತಾರೆ. ಬಸ್ಸಿನಲ್ಲಿ ಒಂದೇ ದಿಕ್ಕಿಗೆ ತಿರುಗುವ ಮೋಟರಿಗೆ ಅದು ಸರಿಯೇ. ಎಚ್-ಬ್ರಿಡ್ಜಿಗೆ ಕಟ್ಟಿದಾಗ ಹಿಂದಕ್ಕೆ ತಿರುಗುವ ಪ್ರತಿ ಸಲವೂ ಎಂ ಮೈನಸ್ 24 ವೋಲ್ಟಿಗೆ ಏರುತ್ತದೆ, ಅದರ ಜೊತೆಗೆ ಮೋಟರಿನ ಇಡೀ ಮೈ. ಎರಡೂ ಮೋಟರ್ ಒಂದೇ ಕಬ್ಬಿಣದ ಮೇಲಿದ್ದರೆ ಎರಡರ ಎಂ ಮೈನಸ್ ಒಂದೇ ತುದಿಯಾದಂತೆ. ಎಡ ಮೋಟರಿಗೆ ಹಿಂದಕ್ಕೆ ತಿರುಗು ಎಂದು ಹೇಳಿದಾಗ ಅದರ ಡ್ರೈವರಿನ ಮೇಲ್ಬದಿ 24 ವೋಲ್ಟ್ ಹಾಕುತ್ತದೆ, ಮುಂದಕ್ಕೆ ಓಡುತ್ತಿರುವ ಬಲ ಡ್ರೈವರಿನ ಕೆಳಬದಿ ಅದನ್ನೇ ನೆಲಕ್ಕೆ ಎಳೆಯುತ್ತದೆ. ನೇರ ಶಾರ್ಟ್. ಬಲ ಮೋಟರ್ ಸುಮ್ಮನಿದ್ದರೂ ಎನೇಬಲ್ ಹೈ ಇರುವವರೆಗೆ ಅದರ ಎರಡೂ ಕೆಳಬದಿ ಹಚ್ಚಿಯೇ ಇರುತ್ತವೆ, ಆಗಲೂ ಶಾರ್ಟ್. ಎರಡೂ ಮುಂದಕ್ಕೆ ಓಡುವಾಗ ಮಾತ್ರ ಏನೂ ಇಲ್ಲ. ಎರಡೂ ಹಿಂದಕ್ಕೆ ಓಡುವಾಗ ಪಿಡಬ್ಲ್ಯೂಎಂ ಮಿಡಿತಗಳು ಹೊಂದದ ಕ್ಷಣಗಳಲ್ಲಿ ಚೂರು ಚೂರು ಶಾರ್ಟ್. ತಿರುವುಗಳಲ್ಲಿ ಬೇಗ ಕೆಡುತ್ತಿದ್ದುದು, ಬೀಗ ಬಿದ್ದ ಮೇಲೂ ಮುಂದಕ್ಕೆ ತಿರುಗುತ್ತಿದ್ದುದು ಎರಡಕ್ಕೂ ಉತ್ತರ ಇದರಲ್ಲೇ ಇತ್ತು. ಎಡ ಮೋಟರಿನ ಕರೆಂಟ್ ಫ್ರೇಮ್ ಹಾದು ಬಲ ಡ್ರೈವರಿನ ಮೂಲಕ ನೆಲ ಸೇರುತ್ತಿತ್ತು.

ಮೊದಲ ಹತ್ತು ನಿಮಿಷ ಚೆನ್ನಾಗಿ ಓಡುತ್ತಿದ್ದುದು ಬಣ್ಣದ ಕೃಪೆ. ಫ್ರೇಮಿನ ಬಣ್ಣ ನಿರೋಧಕವಾಗಿತ್ತು. ಕಂಪನಕ್ಕೆ ಬೋಲ್ಟ್ ರಂಧ್ರದ ಅಂಚಿನಲ್ಲಿ ಸವೆದಷ್ಟು ಸವೆದಷ್ಟು ಸಂಪರ್ಕ ಗಟ್ಟಿಯಾಯಿತು. ಊನೊ ಸತ್ತದ್ದಕ್ಕೂ ಇದೇ ಮೂಲ. ಸುರಕ್ಷತೆಗೆಂದು ಫ್ರೇಮಿಗೆ ಅರ್ತಿಂಗ್ ಕೊಟ್ಟಿದ್ದೆ. ಕಂಪ್ಯೂಟರ್ ಕ್ಯಾಬಿನೆಟ್ಟಿಗೂ ಅರ್ತಿಂಗ್ ಇದೆ, ಯುಎಸ್‌ಬಿಯ ಗ್ರೌಂಡ್ ಅದಕ್ಕೇ ಸೇರಿದೆ. ಫ್ರೇಮಿನ 24 ವೋಲ್ಟ್ ಅರ್ತ್ ವೈರ್ ಹಿಡಿದು ಕ್ಯಾಬಿನೆಟ್, ಯುಎಸ್‌ಬಿ ಕೇಬಲ್, ಊನೊ, ಆ ತೆಳು ಜಂಪರ್ ಮೂಲಕ ಡ್ರೈವರಿನ ನೆಗೆಟಿವ್ ತಲುಪುತ್ತಿತ್ತು. ಊನೊದಲ್ಲಿ 500 ಮಿಲಿ ಆಂಪಿಯರಿನ ಫ್ಯೂಸ್ ಇದೆಯಲ್ಲ ಎಂದರೆ, ಅದಿರುವುದು 5 ವೋಲ್ಟ್ ದಾರಿಯಲ್ಲಿ. ಗ್ರೌಂಡಿನಲ್ಲಿ ಯಾವ ಕಾವಲೂ ಇಲ್ಲ.

ನಿಮ್ಮ ಮೋಟರ್ ಹೀಗಿದೆಯೇ ಎಂದು ನೋಡಲು ಎರಡೂ ವೈರ್ ಬಿಚ್ಚಿ, ಒಂದೊಂದರಿಂದ ಮೈಗೆ ಓಮ್ ಅಳೆಯಿರಿ. ಬೀಪ್ ಸದ್ದನ್ನು ನಂಬಬೇಡಿ. ಒಳಗೆ ತಿರುಗುವ ಭಾಗವಾದ ಆರ್ಮೇಚರಿನ ರೋಧವೇ ಒಂದೆರಡು ಓಮ್ ಇರುವುದರಿಂದ ಮೈಗೆ ಕಟ್ಟಿದ ಮೋಟರಿನಲ್ಲಿ ಎರಡೂ ವೈರ್ ಬೀಪ್ ಎನ್ನುತ್ತವೆ. ಅಂಕಿ ಚಿಕ್ಕದಿರುವ ವೈರ್ ಮೈಗೆ ಕಟ್ಟಿದ್ದು. ಮೈಯಿಂದ ಬೇರ್ಪಟ್ಟ ಮೋಟರಿನಲ್ಲಿ ಎರಡಕ್ಕೂ ಮೆಗಾ ಓಮ್ ತೋರಿಸಬೇಕು. ಇನ್ನೂ ಮೋಟರ್ ಕೊಳ್ಳದವರು ಮೀಟರ್ ಹಿಡಿದುಕೊಂಡೇ ಅಂಗಡಿಗೆ ಹೋಗಿ. ಕಾರಿನ ಕಿಟಕಿ ಏರಿಸುವ ಮೋಟರ್ ಎರಡೂ ದಿಕ್ಕಿಗೆ ತಿರುಗಲೆಂದೇ ಮಾಡಿದ್ದರಿಂದ ಅದರ ಬ್ರಷ್‌ಗಳು ಸಾಮಾನ್ಯವಾಗಿ ಮೈಯಿಂದ ಬೇರೆಯಾಗಿರುತ್ತವೆ, ಆದರೆ ಅದರ ಬಲ ಕುರ್ಚಿಗೆ ಸಾಲದು.

ಪರಿಹಾರದಲ್ಲೂ ಒಮ್ಮೆ ಎಡವಿದೆ. ಮೋಟರ್ ಬಿಚ್ಚುವ ಧೈರ್ಯವಿಲ್ಲದೆ, ಅದರ ಮೈಯನ್ನು ಫ್ರೇಮಿನಿಂದ ಬೇರ್ಪಡಿಸಲು 12 ಮಿಲಿಮೀಟರಿನ ನೈಲಾನ್ ಹಲಗೆ, ಬೋಲ್ಟ್‌ಗಳಿಗೆ ಲೇತಿನಲ್ಲಿ ತಿರುಗಿಸಿದ ನೈಲಾನ್ ಬುಷ್ ಮಾಡಿಸಿದೆ. 1,200 ರೂಪಾಯಿ, ಆರು ದಿನ ಕಾಯುವಿಕೆ. ಕೂರಿಸಿ ಅಳೆದರೆ ಮೆಗಾ ಓಮ್, ಖುಷಿಯಾಯಿತು. ರಾಡ್ ಜೋಡಿಸಿ ಅಳೆದರೆ 3 ಓಮ್. ಮೋಟರಿನ ಮೈಯಿಂದ ಬುಷ್, ಶಾಫ್ಟ್, ಕ್ರ್ಯಾಂಕ್, ರಾಡ್, ಕುರ್ಚಿಯ ಕಬ್ಬಿಣದ ತಳ, ಅಲ್ಲಿಂದ ಇನ್ನೊಂದು ರಾಡ್. ಪ್ಲೈವುಡ್ ಕಾಲದಲ್ಲಿ ಕುರ್ಚಿಯ ತಳವೂ ಮರದ್ದಾಗಿತ್ತು, ಅದಕ್ಕೇ ಬಚಾವಾಗಿದ್ದೆ. ಕೀಲುಗಳಲ್ಲಿ ಗ್ರೀಸ್ ಇರುವುದರಿಂದ ಈ ಸಂಪರ್ಕ ಬಂದು ಹೋಗಿ ಮಾಡುತ್ತದೆ, ಪತ್ತೆ ಮಾಡುವುದು ಇನ್ನೂ ಕಷ್ಟ. ಹೊರಗಿನಿಂದ ಬೇರ್ಪಡಿಸುವ ಯೋಚನೆ ಬಿಡಿ, ಬ್ರಷ್ಷನ್ನೇ ಬೇರ್ಪಡಿಸಿ.

ಬಿಚ್ಚುವ ಮುಂಚೆ ಅಯಸ್ಕಾಂತವಿರುವ ಡಬ್ಬಿ ಮತ್ತು ಗೇರ್ ಮೈ ಎರಡರ ಮೇಲೂ ಹಾಯುವಂತೆ ಒಂದು ಗೆರೆ ಗೀರಿ. ತಿರುಗಿಸಿ ಕೂರಿಸಿದರೆ ಮೋಟರ್ ಉಲ್ಟಾ ತಿರುಗುತ್ತದೆ, ಆಗ ಪೊಟೆನ್ಷಿಯೋಮೀಟರಿನ ಲೆಕ್ಕ ತಪ್ಪಿ ಕುರ್ಚಿ ತುದಿಗೆ ಓಡಿ ಬಡಿಯುತ್ತದೆ. ಡಬ್ಬಿ ಎಳೆಯುವಾಗ ಆರ್ಮೇಚರ್ ಅಯಸ್ಕಾಂತದ ಜೊತೆಗೇ ಬರಲು ನೋಡುತ್ತದೆ, ಅದು ಬಂದರೆ ಬ್ರಷ್‌ಗಳು ಸ್ಪ್ರಿಂಗಿನೊಂದಿಗೆ ಹಾರುತ್ತವೆ. ಆರ್ಮೇಚರನ್ನು ಗೇರ್ ಕಡೆಗೆ ಒತ್ತಿ ಹಿಡಿದು ಡಬ್ಬಿ ಮಾತ್ರ ಎಳೆಯಬೇಕು. ಒಳಗೆ ಮೂರು ಬ್ರಷ್: ಸಾಮಾನ್ಯ, ನಿಧಾನ ವೇಗ, ಹೆಚ್ಚು ವೇಗ. ನಮಗೆ ಬೇಕಾದದ್ದು ಸಾಮಾನ್ಯ ಮತ್ತು ಅದರ ಎದುರಿಗಿರುವ ನಿಧಾನ ವೇಗದ್ದು. ಓರೆಯಾಗಿ ಕೂತಿರುವ ಹೆಚ್ಚು ವೇಗದ ಬ್ರಷ್ ಬಳಸಿದರೆ ಎರಡು ದಿಕ್ಕಿನ ವೇಗ ಬೇರೆಬೇರೆಯಾಗುತ್ತದೆ, ಕಿಡಿಯೂ ಜಾಸ್ತಿ.

ಸಾಮಾನ್ಯ ಬ್ರಷ್ಷಿನ ಹೆಣೆದ ತಾಮ್ರದ ಬಾಲ ಮೈಗೆ ರಿವೆಟ್ ಆಗಿತ್ತು. ರಿವೆಟ್ಟಿನ ಬುಡದಲ್ಲೇ ಕತ್ತರಿಸಿ, 2.5 ಚದರ ಮಿಲಿಮೀಟರಿನ ಸಿಲಿಕೋನ್ ವೈರ್ ಬೆಸೆದು, ಮೇಲೆ ಎರಡು ಪದರ ಹೀಟ್ ಶ್ರಿಂಕ್ ಹಾಕಿದೆ. ಬೆಸುಗೆಗೆ 60 ವ್ಯಾಟಿಗಿಂತ ಕಡಿಮೆ ಐರನ್ ಬೇಡ. ಬೆಸುಗೆ ಬಾಲದ ಮೇಲಕ್ಕೆ ಹರಿದರೆ ಅದು ಕಡ್ಡಿಯಂತೆ ಬಿಗಿಯಾಗಿ ಬ್ರಷ್ ಜಾರುವುದಿಲ್ಲ, ಬ್ರಷ್ ಹತ್ತಿರ ಇಕ್ಕಳ ಹಿಡಿದರೆ ಬೆಸುಗೆ ಅಲ್ಲಿಗೇ ನಿಲ್ಲುತ್ತದೆ. ವೈಪರನ್ನು ಮೂಲ ಸ್ಥಾನಕ್ಕೆ ತರುವ ಪಾರ್ಕ್ ಸ್ವಿಚ್ಚಿನ ಪಟ್ಟಿಗಳೂ ಮೈಗೆ ತಾಗುತ್ತವೆ, ಅವನ್ನು ತೆಗೆದುಬಿಡಿ, ಆ ರಂಧ್ರದಿಂದಲೇ ಹೊಸ ವೈರ್ ಹೊರಗೆ ತನ್ನಿ. ಕಾರ್ಬನ್ ಪುಡಿಯನ್ನು ಒಣ ಬ್ರಷ್ಷಿನಿಂದ ಪೂರ್ತಿ ತೆಗೆಯಿರಿ, ಅದೂ ಕರೆಂಟ್ ಹಾಯಿಸುತ್ತದೆ. ನನ್ನ ಮೊದಲ ಮೋಟರ್ 40 ಕಿಲೋ ಓಮ್ ತೋರಿಸಿತು, ಒರೆಸಿದ ಮೇಲೆ ಮೀಟರಿನ ಮಿತಿ ದಾಟಿತು. ಮೊದಲ ಮೋಟರಿಗೆ ಮೂರು ಗಂಟೆ, ಎರಡನೆಯದಕ್ಕೆ ಒಂದು. ವೈರಿಗೆ 240 ರೂಪಾಯಿ.

ಮರುಜೋಡಣೆಯಲ್ಲಿ ಮಾಡಿದ ಬದಲಾವಣೆಗಳನ್ನು ಬೇಗ ಹೇಳಿಬಿಡುತ್ತೇನೆ. ಪ್ರತಿ ಡ್ರೈವರಿನ ಬಿ ಪ್ಲಸ್‌ಗೆ 10 ಆಂಪಿಯರಿನ ವಾಹನದ ಬ್ಲೇಡ್ ಫ್ಯೂಸ್, ಹೋಲ್ಡರ್ ಸಮೇತ ಎರಡಕ್ಕೆ 160 ರೂಪಾಯಿ. ಕಂಪ್ಯೂಟರ್ ಮತ್ತು ಊನೊದ ಗ್ರೌಂಡನ್ನು ಬೇರ್ಪಡಿಸುವ ಎಡಿಯುಎಂ4160 ಚಿಪ್ಪಿನ ಯುಎಸ್‌ಬಿ ಐಸೊಲೇಟರ್, 950 ರೂಪಾಯಿ, ಊನೊ ಅದರ ಮೂಲಕ ಚೆನ್ನಾಗಿ ಮಾತಾಡುತ್ತದೆ. ಎರಡೂ ಡ್ರೈವರಿನ ನೆಗೆಟಿವ್ ಬೇರೆಬೇರೆ ದಪ್ಪ ವೈರಿನಲ್ಲಿ ಎಸ್‌ಎಂಪಿಎಸ್‌ನ ಒಂದೇ ಬಿಂದುವಿಗೆ. ಸ್ಕ್ರೂ ಟರ್ಮಿನಲ್ಲಿಗೆ ಹೋಗುವ ವೈರ್ ಎಳೆಗಳಿಗೆ ಬೆಸುಗೆ ಸೀಸ ಹಚ್ಚುತ್ತಿದ್ದೆ, ಅದು ಒತ್ತಡಕ್ಕೆ ನಿಧಾನವಾಗಿ ಹಿಂಡಿಹೋಗಿ ಸ್ಕ್ರೂ ಸಡಿಲವಾಗುತ್ತದೆ. ಈಗ ಎಲ್ಲಕ್ಕೂ ಫೆರುಲ್ (ವೈರ್ ತುದಿಗೆ ತೊಡಿಸುವ ಲೋಹದ ಕೊಳವೆ) ಒತ್ತಿದ್ದೇನೆ. ಪೊಟೆನ್ಷಿಯೋಮೀಟರಿಗೆ ಶೀಲ್ಡ್ ಕೇಬಲ್, ಶೀಲ್ಡ್ ಊನೊ ಕಡೆ ಮಾತ್ರ ಗ್ರೌಂಡಿಗೆ, ಅನಲಾಗ್ ಪಿನ್ ಹತ್ತಿರ 100 ನ್ಯಾನೊಫ್ಯಾರಡ್. ಫ್ರೇಮಿನ ಅರ್ತಿಂಗ್ ಹಾಗೇ ಇದೆ. ಬ್ರಷ್ ಬೇರ್ಪಟ್ಟ ಮೇಲೆ ಅದು ಕೇಡು ಮಾಡುವುದಿಲ್ಲ, ಮನುಷ್ಯ ಕೂರುವ ಕಬ್ಬಿಣಕ್ಕೆ ಅದು ಇರಲೇಬೇಕು.

ಮೊದಲ ಓಟ ಮತ್ತೆ ಸೀರೀಸ್ ಬಲ್ಬಿನಲ್ಲೇ, ರಾಡ್ ಇಲ್ಲದೆ. ಎಡ ಹಿಂದೆ, ಬಲ ಮುಂದೆ, ಬಲ್ಬ್ ಮಂಕಾಗಿಯೇ ಇತ್ತು. ಆ ಮಂಕು ಬೆಳಕು ನೋಡಿ ಆದ ಸಮಾಧಾನ ಹೇಳತೀರದು. ಆಮೇಲೆ ರಾಡ್ ಜೋಡಿಸಿ ಖಾಲಿ ಕುರ್ಚಿ, ನಂತರ 40 ಕಿಲೋ ಮರಳು ಚೀಲ, ಕೊನೆಗೆ ಮನುಷ್ಯ.

ಒಟ್ಟು 4,560 ರೂಪಾಯಿ ಹೋಯಿತು. ಅದರಲ್ಲಿ 1,200ರ ನೈಲಾನ್, 960ರ ಎರಡು ಡ್ರೈವರ್, 550ರ ಊನೊ ಪೂರ್ತಿ ತಪ್ಪಿಸಬಹುದಾಗಿದ್ದ ಖರ್ಚು.

ಭಾನುವಾರದ ಎರಡು ಗಂಟೆಯ ನಂತರ ಎಡ ಡ್ರೈವರಿನ ಹೀಟ್ ಸಿಂಕ್ 47 ಡಿಗ್ರಿ, ಬಲದ್ದು 45 ಇತ್ತು. ವೈರ್‌ನಿಂದ ಮೈಗೆ ಮತ್ತೆ ಅಳೆದೆ, ಎರಡೂ ಮೋಟರಿನಲ್ಲಿ ಮೀಟರ್ ತೆರೆದ ಸರ್ಕ್ಯೂಟನ್ನೇ ತೋರಿಸಿತು. ಬ್ರಷ್ ಸವೆದಂತೆ ಕಾರ್ಬನ್ ಪುಡಿ ಮತ್ತೆ ಸೇರುವುದರಿಂದ ತಿಂಗಳಿಗೊಮ್ಮೆ ಈ ಅಳತೆ ತೆಗೆಯಲಿದ್ದೇನೆ. 1 ಮೆಗಾ ಓಮ್‌ಗಿಂತ ಕೆಳಗಿಳಿದ ದಿನ ಡಬ್ಬಿ ಬಿಚ್ಚಿ ಒರೆಸಬೇಕು.